ನಮ್ಮ ಮಾಮಾ ಬೀಳುವುದೇ ಇಲ್ಲ!

ನಮ್ಮ ಸೋದರಮಾವ ಜೀವನದಲ್ಲಿ ಒಮ್ಮೆಯೂ ಬಿದ್ದಿಲ್ಲ. ಬೇಕಾದರೆ ಅವರನ್ನೇ ಕೇಳಿ! ಕಳೆದ ದೀಪಾವಳಿಯಂದು ಬಚ್ಚಲಲ್ಲಿ ಅಂಗಾತ ಬಿದ್ದುಕೊಂಡಿದ್ದಾಗಲೂ ಇದನ್ನೇ ಹೇಳಿದರು.

"ಬಿದ್ರೇನ್ರೀ?" ಎಂದು ಅತ್ತೆ ಬಾಗಿಲಾಚೆಯಿಂದ ಚೀರಿದರು.

"ಯಾರು ಬಿದ್ದಾರ? ಸೋಪು ಹುಡುಕಾಕತ್ತೇನಿ!"

ಮಾಮಾ ಬ್ಯಾಡಗಿಯಲ್ಲಿ ಲೈನ್‌ಮನ್ ಆಗಿದ್ದವರು. ನಿವೃತ್ತರಾದ ಮೇಲೆ ರಾಣೆಬೆನ್ನೂರಿಗೆ ಬಂದು ನಮ್ಮ ಗೋಡೆಗೆ ಗೋಡೆ ಹಚ್ಚಿ ಮನೆ ಕಟ್ಟಿಸಿದರು. ಆಯುಷ್ಯವೆಲ್ಲ ಕರೆಂಟಿನ ಕಂಬ ಹತ್ತಿದವರಿಗೆ ನೆಲವೆಂದರೆ ಎಂಥ ತಾತ್ಸಾರ! "ಕಂಬದ ಮ್ಯಾಲಿಂದ ಬೀಳದಾಂವ ನೆಲದ ಮ್ಯಾಲೆ ಬೀಳ್ತಾನೇನ?" ಎಂಬುದು ಅವರ ವಾದ. ಎಪ್ಪತ್ತು ದಾಟಿದ ಮೊಣಕಾಲುಗಳು ಈ ವಾದವನ್ನು ಒಪ್ಪಿರಲಿಲ್ಲ, ಅಷ್ಟೇ.

ನಾವೇನು ಸುಮ್ಮನಿದ್ದೆವೇ? ಬಚ್ಚಲ ಗೋಡೆಗೆ ಸ್ಟೀಲಿನ ಹಿಡಿಕೆ ಹಾಕಿಸಿದೆವು. ಮಾಮಾ ಅದರ ಮೇಲೆ ಒದ್ದೆ ಟವೆಲ್ಲು ಒಣಹಾಕಿ, ಬರಿಗೋಡೆ ಹಿಡಿದುಕೊಂಡು ಬಂದರು. ಕಾಲು ಜಾರದ ರಬ್ಬರ್ ಚಾಪೆ ತಂದೆ. ಮರುದಿನ ಅದು ಅವರ ಸ್ಕೂಟರಿನಲ್ಲಿ ಕಾಲಿಡುವ ಜಾಗದಲ್ಲಿ ಹಾಸಿತ್ತು. ಊರುಗೋಲು ಕೊಡಿಸಿದೆ. ಅದನ್ನು ಮಾತ್ರ ಚೆನ್ನಾಗಿ ಬಳಸಿದರು: ಓಣಿಯ ಹಂದಿ ಓಡಿಸಲು, ಮಾಳಿಗೆಯಲ್ಲಿ ಹರವಿದ ಮೆಣಸಿನಕಾಯಿ ತಿರುವಿಹಾಕಲು, ಕುಳಿತಲ್ಲಿಂದಲೇ ಫ್ಯಾನ್ ಹಚ್ಚಲು. ನಡೆಯಲು? ಛೇ!

"ಕೋಲು ಹಿಡ್ಕೊಂಡು ನಡದ್ರ ಮಂದಿ ಮುದುಕ ಅಂತಾರ."

"ಮತ್ತ ನೀವೇನು ಹುಡುಗರೇನ್ರಿ?" ಎಂದರು ಅತ್ತೆ.

"ನಿನಗಿಂತ ಹುಡುಗ ಅದೇನಿ."

ಅತ್ತೆ ಅವರಿಗಿಂತ ಎಂಟು ವರ್ಷ ಚಿಕ್ಕವರು.

ಈ ಆಷಾಢದಲ್ಲಿ ಪಡಸಾಲೆಯ ಬಲ್ಬು ಹೋಯಿತು. ಎಲೆಕ್ಟ್ರಿಶಿಯನ್ನನ್ನು ಕರೆಯೋಣವೆಂದೆ. ಲೈನ್‌ಮನ್ ಮನೆಗೆ ಎಲೆಕ್ಟ್ರಿಶಿಯನ್ನೇ? ನಾನು ಫೋನ್ ತರುವಷ್ಟರಲ್ಲಿ ಮಾಮಾ ಸ್ಟೂಲು ಹತ್ತಿದ್ದರು. ಧಡ್ ಎಂಬ ಸಪ್ಪಳ ಕೇಳಿ ಓಡಿದೆ. ಈ ಸಲ ಅವರು "ಬಿದ್ದಿಲ್ಲ" ಎನ್ನಲಿಲ್ಲ. ಟೊಂಕದ ಕೀಲು ಮುರಿದಿತ್ತು.

ಹುಬ್ಬಳ್ಳಿಯಲ್ಲಿ ಆಪರೇಶನ್ ಆಯಿತು. "ದಿನಾ ಎಬ್ಬಿಸಿ ನಡೆಸ್ರಿ, ಇಲ್ಲಾಂದ್ರ ಮಲಗಿದವ್ರು ಮಲಗೇ ಬಿಡ್ತಾರ" ಎಂದು ಹೇಳಿ ಡಾಕ್ಟರು ಮನೆಗೆ ಕಳಿಸಿದರು. ಆದರೆ ಮಾಮಾ ಏಳಲೊಲ್ಲರು. ವರ್ಷಗಟ್ಟಲೆ ಕುಂದ್ರಿ, ಕುಂದ್ರಿ ಎಂದು ಬೇಡಿದ ನಾವು ಈಗ ಏಳ್ರಿ, ಏಳ್ರಿ ಎಂದು ಬೇಡುತ್ತಿದ್ದೆವು. ಅವರು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. ಹೊಸ ವಾಕರ್ ಮೂಲೆಯಲ್ಲಿ ನಿಂತಿತ್ತು. ಆ ಕೋಣೆಯಲ್ಲಿ ನಿಂತದ್ದು ಅದೊಂದೇ. ದಿನದಿನಕ್ಕೆ ಕಾಲುಗಳು ಸೊರಗಿದವು. ಅತ್ತೆ ಅಡುಗೆಮನೆಯಲ್ಲಿ ಸದ್ದಿಲ್ಲದೆ ಅಳುತ್ತಿದ್ದರು. ನಾನೂ ಆಸೆ ಬಿಟ್ಟಿದ್ದೆ.

ನಿನ್ನೆ ಬೆಳಿಗ್ಗೆ ಸಿಟ್ಟಿನಿಂದಲೇ ಕೇಳಿದೆ: "ಅಷ್ಟು ಅಂಜಿಕಿ ಏನ್ರಿ ಮಾಮಾ? ನಾ ಹಿಡ್ಕೋತೇನಲ್ಲ!"

"ಅದಕ್ಕ ಅಂಜಿಕಿ," ಎಂದರು ಗೋಡೆಗೆ. "ನಾ ಬಿದ್ರ ನಿನ್ನೂ ಎಳಕೊಂಡು ಬೀಳ್ತೇನಿ. ಸಣ್ಣ ಮಕ್ಕಳಾಕಿ ನೀ, ಯವ್ವಾ."

ನಾನು ಮಂಚದ ಮೇಲೆ ಕುಳಿತು ಅವರ ತೋಳನ್ನು ನನ್ನ ಹೆಗಲಿಗೆ ಹಾಕಿಕೊಂಡೆ. "ಬಿದ್ರ ಇಬ್ರೂ ಕೂಡೇ ಬೀಳೂಣು. ಏಳ್ರಿ."

ಎದ್ದರು. ಹೆಜ್ಜೆ ಇಡಲಿಲ್ಲ, ಸುಮ್ಮನೆ ನಿಂತರು. ನನ್ನನ್ನು ಎಳೆದು ಬೀಳಿಸುವಷ್ಟು ಭಾರ ಅವರಲ್ಲಿ ಉಳಿದೇ ಇರಲಿಲ್ಲ.