ಟೇಪಿನಲ್ಲಿದ್ದ ಅಕ್ಕ

ನನ್ನ ದನಿಯನ್ನು ಟೇಪಿಗೆ ಹಾಕಿದ ದಿನದಿಂದ ನಮ್ಮ ವಿನೋಬನಗರದ ಮನೆಯಲ್ಲಿ ಒಂದಲ್ಲ ಒಂದು ಫಜೀತಿ ನಡೆಯುತ್ತಲೇ ಇತ್ತು. ತಮ್ಮನಿಗೆ ಮೂವತ್ತು ದಾಟಿದ್ದರೂ ಬುದ್ಧಿ ನಿಧಾನ. ಎರಡು ಮಾತು ಒಟ್ಟಿಗೆ ಹೇಳಿದರೆ ಒಂದು ಮರೆಯುತ್ತಿದ್ದ. ಹರಿಹರದ ಬಸ್ ಸ್ಟ್ಯಾಂಡ್ ಎದುರು ಊದುಬತ್ತಿ ಅಂಗಡಿ ಇಟ್ಟಿದ್ದ ಚಿಕ್ಕಮ್ಮ ಅವನಿಗೆ ಕೆಲಸ ಕೊಡುತ್ತೇನೆ ಅಂದರು. ಆದರೆ ದಾವಣಗೆರೆಯಿಂದ ದಿನಾ ಒಬ್ಬನೇ ಹೋಗಿಬರಬೇಕು. ನನಗೋ ಹೆದರಿಕೆ. ಅದಕ್ಕೇ ಈ ಟೇಪ್ ರೆಕಾರ್ಡರ್: ಒಂದೊಂದೇ ಮಾತು ನಾನು ಹೇಳಿಟ್ಟರೆ, ಅವನು ಹಾಕಿ ಕೇಳಿ ಹಾಗೇ ಮಾಡುತ್ತಾನೆ. ಮೊದಲು ಮನೆ ಕೆಲಸ ಕಲಿಸುವುದು, ಆಮೇಲೆ ಬಸ್ಸು.

ಹಾಲು

"ಏಳು. ಹಲ್ಲುಜ್ಜು. ಪಾತ್ರೆ ತಗೊಂಡು ಬಾಗಿಲಿಗೆ ಹೋಗು" ಎಂದು ರೆಕಾರ್ಡ್ ಮಾಡುತ್ತಿದ್ದಾಗ ಹಾಲಿನವಳು ಬಂದಳು. ಟೇಪ್ ನಿಲ್ಲಿಸುವುದು ಮರೆತು ಅವಳ ಮೇಲೆ ರೇಗಿದೆ: "ಇದು ಹಾಲೋ ನೀರೋ? ನಾಳೆಯಿಂದ ಬರಬ್ಯಾಡ!"

ಆಮೇಲೆ ನಾವಿಬ್ಬರೂ ರಾಜಿಯಾದೆವು. ಟೇಪಿಗೆ ಅದು ಗೊತ್ತಿಲ್ಲವಲ್ಲ! ತಮ್ಮ ದಿನಾ ಬೆಳಿಗ್ಗೆ ಬಾಗಿಲಲ್ಲಿ ನಿಂತು ಆ ಬೈಗುಳವನ್ನೂ ತಪ್ಪದೆ ಅವಳಿಗೆ ಒಪ್ಪಿಸುತ್ತಿದ್ದ. ಒಂದಿನ ಹಾಲಿನವಳು ನನ್ನನ್ನೇ ಕೂಗಿದಳು: "ಅಕ್ಕಾರೆ, ಬರಬ್ಯಾಡ ಅಂತೀರಿ, ಪಾತ್ರೆನೂ ಹಿಡೀತೀರಿ. ಯಾವುದಾದ್ರೂ ಒಂದು ಹೇಳ್ರಿ!"

ಕಷಾಯ

ಮಾರ್ಕೆಟ್ಟಿನಿಂದ ಬಂದರೆ ಮನೆ ಮುಂದೆ ಜನವೋ ಜನ. ತಮ್ಮನಿಗೆ ಏನಾಯಿತೋ ಎಂದು ಚೀಲ ಅಲ್ಲೇ ಬಿಟ್ಟು ಓಡಿದೆ. ನೋಡಿದರೆ ಅವನೇ ಅಳುತ್ತ ಓಣಿಯನ್ನೆಲ್ಲ ಕರೆದಿದ್ದ: "ಅಕ್ಕನ ಗಂಟಲು ಕಟ್ಟೈತೆ, ಮಾತೇ ಹೊರಡ್ತಿಲ್ಲ!"

ರೇಡಿಯೋ ರಿಪೇರಿ ಸಾಬರು ಟೇಪಿನಿಂದ ಎಳೆದೆಳೆದು ಬರುತ್ತಿದ್ದ ನನ್ನ ದನಿಗೆ ಕಿವಿಗೊಟ್ಟು ನಕ್ಕರು: "ಸೆಲ್ ವೀಕ್ ಆಗ್ಯಾವ್ರಿ, ಅಷ್ಟೇ." ಎದುರುಮನೆ ಬೂಬಮ್ಮ ಮಾತ್ರ ನಗಲಿಲ್ಲ. ಮಾಡಿ ತಂದ ಕಷಾಯ ಹಾಳಾಗಬಾರದೆಂದು ಲೋಟ ಖಾಲಿಯಾಗುವವರೆಗೂ ನಿಂತು ನನಗೆ ಕುಡಿಸಿದರು.

ಬಸ್ಸು

ಕೊನೆಗೆ ನಾನು ಹೆದರುತ್ತಿದ್ದ ದಿನ ಬಂತು. ಟೇಪನ್ನು ಹೆಗಲಿಗೆ ಹಾಕಿಕೊಂಡು ತಮ್ಮ ಒಬ್ಬನೇ ಬಸ್ ಹತ್ತಿದ. ಒಬ್ಬನೇ ಎಂದು ಅವನು ತಿಳಿದಿದ್ದ. ನಾನು ತಲೆತುಂಬ ಸೆರಗು ಹೊದ್ದು, ಬಾಗಿಲ ಪಕ್ಕದ ಹಿಂದಿನ ಸೀಟಿನಲ್ಲಿ ಕೂತಿದ್ದೆ.

ಕಂಡಕ್ಟರ್ "ಹರಿಹರ!" ಎಂದ ಕೂಡಲೇ ತಮ್ಮ ಟೇಪಿನ ಬಟನ್ ಒತ್ತಿದ. "ಬಸ್ ಪೂರ್ತಿ ನಿಲ್ಲಲಿ. ಆಮೇಲೆ ಏಳು" ಎಂದಿತು ನನ್ನ ದನಿ. ಎದ್ದಿದ್ದವರೆಲ್ಲ ಮತ್ತೆ ಕೂತರು! ಬಸ್ ನಿಂತಿತು. ಅವನು ಬಾಗಿಲಿನತ್ತ ಬರುವುದು ಕಂಡು, ಸಿಕ್ಕಿಬಿದ್ದೆ ಎಂದು ನಾನು ಸೀಟಿನ ಸಂದಿಯಲ್ಲಿ ಅಡಗಿದೆ. ತಲೆ ಎತ್ತಿದಾಗ ಬಸ್ಸು ಹರಿಹರ ದಾಟಿ ತುಂಗಭದ್ರೆಯ ಸೇತುವೆ ಮೇಲೆ ಓಡುತ್ತಿತ್ತು.

ಕೂಗಾಡಿ ಆಚೆ ದಡದಲ್ಲಿ ಇಳಿದೆ. ಅವನು ಎಲ್ಲಿ ಕಳೆದುಹೋದನೋ ಎಂದು ಸೇತುವೆಯುದ್ದಕ್ಕೂ ಅಳುತ್ತ ವಾಪಸ್ ನಡೆದೆ. ಅಂಗಡಿಗೆ ಬಂದರೆ ಅವನು ಆರಾಮಾಗಿ ಊದುಬತ್ತಿ ಕಟ್ಟುತ್ತ ಕೂತಿದ್ದ.

"ನೀನು ಎಲ್ಲಿಂದ ಬಂದೆ ಅಕ್ಕಾ?"

"ಇಳಿಯೋದು ತಪ್ಪಿ ಹೊಳೆ ಆಚೆ ಹೋದೆ ಕಣೋ."

ಅವನು ನೀರು ತಂದುಕೊಟ್ಟ. ನನ್ನ ಅತ್ತ ಮುಖವನ್ನೇ ನೋಡಿದ. ಆಮೇಲೆ ಮೆಲ್ಲಗೆ ಹೇಳಿದ: "ಇನ್ಮೇಲೆ ನೀನು ಒಬ್ಬಾಕೇ ಬಸ್ ಹತ್ತಬ್ಯಾಡ. ನಾನು ಕರ್ಕೊಂಡು ಬರ್ತೀನಿ."