ಅಡ್ಡ ಹಿಡಿದರೆ ಮರೆಯುವ ಫೋನು

ಕಲಿಕೆಗೆ ವಯಸ್ಸಿಲ್ಲ ಎಂಬ ಮಾತನ್ನು ಮೊದಲು ಹೇಳಿದವನಿಗೆ ಕಲಿಸುವ ಕೆಲಸವಿತ್ತೇ ಹೊರತು ಕಲಿಯುವ ಕೆಲಸ ಇರಲಿಲ್ಲವೆಂದು ನನ್ನ ಗುಮಾನಿ. ಈ ಮಾತನ್ನು ನನಗೆ ಆಫೀಸಿನಲ್ಲಿ ಮೂರು ಜನ ಬೇರೆ ಬೇರೆಯಾಗಿ ಹೇಳಿದರು. ಮೂವರೂ ನನಗಿಂತ ಚಿಕ್ಕವರು. ಮೂವರ ಮೇಲೂ ನನಗೆ ಇವತ್ತಿಗೂ ಸಿಟ್ಟಿದೆ. ಕಾರಣವಿಲ್ಲದೆ ಅಲ್ಲ. ಐವತ್ಮೂರು ವರ್ಷದ ಮನುಷ್ಯ ತನ್ನ ಕಸುಬಿನಲ್ಲಿ ಒಂದು ಮಟ್ಟಕ್ಕೆ ಬಂದು, ಯಾವ ಕುರ್ಚಿಯಲ್ಲಿ ಕೂತರೆ ಬೆನ್ನು ನೋಯುವುದಿಲ್ಲ ಎಂಬುದನ್ನೂ ಕಂಡುಕೊಂಡು, ಇನ್ನು ಸಾಕಪ್ಪ ಎಂದು ಕಾಲು ಚಾಚುವ ಹೊತ್ತಿಗೆ ಅವನನ್ನು ಎಬ್ಬಿಸಿ ಒಂದನೇ ಇಯತ್ತೆಗೆ ಸೇರಿಸಿದರೆ ಅವನು ಹಾಡು ಹೇಳುತ್ತಾನೆಯೇ?

ಕನ್ನಡ ಸೀಮೆ ಬಿಟ್ಟು ಈ ತೆಲುಗು ಊರಿಗೆ ಬಂದ ನಾನು ಇಪ್ಪತ್ತೇಳು ವರ್ಷ ದೊಡ್ಡ ಯಂತ್ರಕ್ಕೆ ಪ್ರೋಗ್ರಾಮು ಬರೆದವನು. ವಿಮಾ ಕಂಪನಿಗಳು ಇಂದಿಗೂ ನೆಚ್ಚಿಕೊಂಡಿರುವ, ತಣ್ಣನೆಯ ಕೋಣೆಯಲ್ಲಿಟ್ಟು ಸಾಕಬೇಕಾದ ಯಂತ್ರ. ಅದರಲ್ಲಿ ಒಂದು ಪ್ರೋಗ್ರಾಮು ಶುರುವಾಯಿತೆಂದರೆ ರಾಯಚೂರಿನ ನಮ್ಮ ಸೋದರಮಾವ ಊಟಕ್ಕೆ ಕೂತ ಹಾಗೆ. ಮುಗಿಯುವವರೆಗೆ ಯಾರೂ ಮಾತಾಡಿಸುವುದಿಲ್ಲ, ಯಾರೂ ಎಬ್ಬಿಸುವುದಿಲ್ಲ. ಮುಗಿದ ಮೇಲೆ ತಾನೇ ತೇಗಿ ಏಳುತ್ತದೆ. ಅಂಥ ಯಂತ್ರದಿಂದ ನನ್ನನ್ನು ಬಿಡಿಸಿ, ಇನ್ನು ಮುಂದೆ ಫೋನಿಗೆ ಬರೆಯಿರಿ ಎಂದರು. ಕಲಿಸಲು ಸ್ವಪ್ನ ಎಂಬ ಇಪ್ಪತ್ತಾರು ವರ್ಷದ ಹುಡುಗಿಯನ್ನು ನೇಮಿಸಿದರು. ಆಕೆ ಪ್ರತಿ ವಾಕ್ಯದ ತಲೆಗೂ ಬುಡಕ್ಕೂ ಒಂದೊಂದು 'ಸರ್' ಸೇರಿಸಿ, ನಡುವೆ ನನಗೆ ಏನೂ ತಿಳಿಯದು ಎಂಬುದನ್ನು ಬಹಳ ವಿನಯದಿಂದ ತೆಲುಗಿನಲ್ಲಿ ತಿಳಿಸುತ್ತಿದ್ದಳು.

ಮೊದಲ ದಿನವೇ ಆಕೆ ಹೇಳಿದ್ದಳಂತೆ: ಸರ್, ಈ ಫೋನು ನಿಮ್ಮ ಪ್ರೋಗ್ರಾಮಿನದ್ದಲ್ಲ, ಕೈಯಲ್ಲಿ ಹಿಡಿದವರದ್ದು, ಕರೆ ಬಂದರೆ, ಜಾಗ ಸಾಲದಿದ್ದರೆ, ನಿಲ್ಲಿಸಿ ಹಿಡಿದದ್ದನ್ನು ಅಡ್ಡ ತಿರುಗಿಸಿದರೂ ಸಾಕು, ಅದು ನಿಮ್ಮ ಪ್ರೋಗ್ರಾಮನ್ನು ಕೊಂದು ಹೊಸದಾಗಿ ಹುಟ್ಟಿಸುತ್ತದೆ, ಸಾಯುವ ಮುಂಚೆ ಬೇಕಾದದ್ದನ್ನು ಎತ್ತಿಡಬೇಕು, ಸರ್. ನಾನು ಇದನ್ನು ಬರೆದುಕೊಂಡೆ. ಬರೆದುಕೊಂಡೆ ಎಂದು ಸ್ಪಷ್ಟವಾಗಿ ನೆನಪಿದೆ, ಪೆನ್ನಿನ ಬಣ್ಣ ಕೂಡ. ಮೊನ್ನೆ ಆ ನೋಟ್‌ಬುಕ್ ತೆಗೆದು ನೋಡಿದರೆ ಆ ದಿನದ ಹಾಳೆಯಲ್ಲಿ ಒಂದು ಆನೆಯ ಚಿತ್ರವಿದೆ. ಪೆನ್ನಿನ ಬಣ್ಣ ಮಾತ್ರ ಸರಿಯಾಗಿದೆ.

ಹಾಗಾಗಿ ನಾನು ಆ ಸತ್ಯವನ್ನು ಒಂದು ತಿಂಗಳ ಮೇಲೆ ನನ್ನ ಖರ್ಚಿನಲ್ಲಿ ಕಲಿತೆ. ಬರೆದದ್ದು ಸರಿಯಾಗಿದೆ, ಓಡುತ್ತಿದೆ, ಫೋನನ್ನು ಸ್ವಲ್ಪ ವಾಲಿಸಿದೆ, ಎಲ್ಲ ಮಾಯ. ಇದೆಂಥ ನ್ಯಾಯ? ಇದೇ ಊರಿನ ನಾಂಪಲ್ಲಿ ಸ್ಟೇಷನ್ನಿನ ಎದುರು ಮೊದಲೊಂದು ಹೋಟೆಲಿತ್ತು. ಚಹಾ ಅರ್ಧ ಕುಡಿದು ಕೈ ತೊಳೆಯಲು ಎದ್ದು ಹೋಗಿ ಬರುವಷ್ಟರಲ್ಲಿ ಟೇಬಲ್ಲು ಒರೆಸಿ, ಲೋಟ ಎತ್ತಿ, ಆ ಜಾಗದಲ್ಲಿ ಯಾರೋ ಗಡ್ಡದವನನ್ನು ಕೂರಿಸಿರುತ್ತಿದ್ದರು. ಆ ಮಾಲೀಕನನ್ನು ನಾನು ಬಹಳ ವರ್ಷ ಶಪಿಸಿದ್ದೇನೆ. ಆದರೆ ಅವನಲ್ಲಿ ಕನಿಷ್ಠ ಎದ್ದು ಹೋಗಬೇಕಿತ್ತು. ಇಲ್ಲಿ ಕೂತಲ್ಲೇ ಮಗ್ಗಲು ಬದಲಿಸಿದರೂ ಲೋಟ ಹೋಯಿತು. ಮನೆಯಲ್ಲಿ ಊಟಕ್ಕೆ ಕೂತಾಗ ತಟ್ಟೆ ಕುಟ್ಟಿ ಇದನ್ನೇ ದೊಡ್ಡ ದನಿಯಲ್ಲಿ ಹೇಳುತ್ತಿದ್ದೆ. ನನ್ನ ಹೆಂಡತಿ ಸುಮಂಗಲಾ ಕೆಲವು ದಿನ ಕೇಳಿ, ಆಮೇಲೆ, "ಫೋನ್ ಮ್ಯಾಲಿನ ಸಿಟ್ಟು ಫೋನ್ ಮುಂದ ಮಾಡ್ರಿ. ಪಲ್ಯಾ ಏನು ಮಾಡೇತಿ?" ಎಂದಳು.

ಇಂಥ ಸ್ಥಿತಿಯಲ್ಲಿ ನನ್ನ ಕೈಗೆ ನಿಜವಾದ ಕೆಲಸ ಬಂತು. ಪಟಾನ್‌ಚೆರುವಿನ ಒಂದು ಔಷಧಿ ಕಾರ್ಖಾನೆ. ಅಲ್ಲಿ ಮಾತ್ರೆ ತುಂಬುವ ವಿಭಾಗಕ್ಕೆ ಹೋಗುವವರು ದಿನಾ ಬೆಳಿಗ್ಗೆ ಹನ್ನೆರಡು ಪ್ರಶ್ನೆಗೆ ಉತ್ತರ ಕೊಡಬೇಕು: ಜ್ವರವಿದೆಯೇ, ನೆಗಡಿಯಿದೆಯೇ, ಕೈಯಲ್ಲಿ ಗಾಯವಿದೆಯೇ, ಹೀಗೆ. ಮೊದಲು ಕಾಗದದಲ್ಲಿತ್ತು, ಈಗ ಫೋನಿನಲ್ಲಿ ಆಗಬೇಕು. ಬಸ್ಸಿನಲ್ಲಿ ಬರುತ್ತಲೇ ತುಂಬಿ, ಹನ್ನೆರಡೂ 'ಇಲ್ಲ' ಆಗಿದ್ದು ಗೇಟಿನಲ್ಲಿ ತೋರಿಸಿದರೆ ಹಸಿರು. ತುಂಬದಿದ್ದರೆ ಕೆಂಪು, ಆ ದಿನದ ಪಾಳಿ ಇಲ್ಲ. ನಾನು ಬರೆದೆ. ತೆಲುಗು, ಹಿಂದಿ ಸಾಕು ಎಂದರು. ಬೀದರ, ರಾಯಚೂರು ಕಡೆಯವರು ಬಹಳ ಜನ ಅಲ್ಲಿ ದುಡಿಯುತ್ತಾರೆ, ಕನ್ನಡವೂ ಇರಲೇಬೇಕು ಎಂದು ನಾನು ಮೇಜು ಗುದ್ದಿ ಸೇರಿಸಿದೆ. ಸೇರಿಸುವುದು ಎಂದರೆ ಸುಮ್ಮನೆ ಅಲ್ಲ, ಘನತೆಯಿಂದ. "ಕಳೆದ ಇಪ್ಪತ್ನಾಲ್ಕು ಗಂಟೆಗಳ ಅವಧಿಯಲ್ಲಿ ತಮಗೆ ಜ್ವರಬಾಧೆ ಉಂಟಾಗಿತ್ತೇ?" ಇಷ್ಟುದ್ದದ ಪ್ರಶ್ನೆ ಕಿರಿದಾದ ಪರದೆಯಲ್ಲಿ ಹಿಡಿಸಬೇಕಾದರೆ ಅಕ್ಷರ ಸಾಸಿವೆ ಕಾಳಿನಷ್ಟಾಗಬೇಕಾಯಿತು. ಆಗಲಿ ಎಂದುಕೊಂಡೆ. ನನ್ನ ಮೇಜಿನ ಮೇಲೆ, ಸ್ಟ್ಯಾಂಡಿನಲ್ಲಿ ನೆಟ್ಟಗೆ ನಿಲ್ಲಿಸಿದ ಫೋನಿನಲ್ಲಿ, ಕನ್ನಡಕ ಹಾಕಿಕೊಂಡು ನೋಡಿದರೆ ಬಹಳ ಚೆನ್ನಾಗಿ ಕಾಣುತ್ತಿತ್ತು.

ವಾರದೊಳಗೆ ದೂರು. ಅರ್ಧ ತುಂಬಿದ್ದು ಅಳಿಸಿಹೋಗುತ್ತದೆ. ಸ್ವಪ್ನ ಏನೋ ಹೇಳಲು ಬಂದಳು. ಆಕೆಯ ಮುಖದಲ್ಲಿ ಆ 'ಸರ್' ಕಂಡೊಡನೆ ನನಗೆ ರೇಗಿತು. ಇಪ್ಪತ್ತೇಳು ವರ್ಷದಲ್ಲಿ ನನ್ನ ಪ್ರೋಗ್ರಾಮು ಏನನ್ನೂ ಅಳಿಸಿಲ್ಲ, ಫೋನು ಹಿಡಿಯಲು ಬಾರದವರು ಅಳಿಸುತ್ತಿದ್ದಾರೆ ಎಂದೆ. ವರದಿಯಲ್ಲಿ 'ಬಳಸುವವರ ತಪ್ಪು' ಎಂದು ಬರೆದೆ. ಅಷ್ಟೇ ಅಲ್ಲ, ಮೂರು ಭಾಷೆಯಲ್ಲಿ ಒಂದು ಸೂಚನೆ ಅಚ್ಚು ಹಾಕಿಸಿ ಕಾರ್ಖಾನೆಯ ಗೇಟಿಗೆ ಅಂಟಿಸಿದೆ: ನಮೂನೆ ತುಂಬುವಾಗ ಫೋನ್ ತಿರುಗಿಸಬಾರದು. ಅಂಟಿಸಿ, ದೂರ ನಿಂತು ನೋಡಿ ಸಂತೋಷಪಟ್ಟೆ. ಈ ಸಂತೋಷದ ಭಾಗವನ್ನು ಬೇರೆಯವರಿಗೆ ಈ ಕಥೆ ಹೇಳುವಾಗ ಬಿಟ್ಟುಬಿಡುತ್ತಿದ್ದೆ. ಇಲ್ಲಿ ಬಿಡುವುದಿಲ್ಲ.

ಆಗಲೇ ಸಂಗಮ್ಮನ ಭೇಟಿಯಾದದ್ದು. ಪಾಳಿ ಮುಗಿಸಿ ಹೊರಬಂದ ನಲವತ್ತರ ಸುಮಾರಿನ ಹೆಂಗಸು ನನ್ನ ಸೂಚನೆಯನ್ನು ಕೂಡಿಸಿ ಕೂಡಿಸಿ ಓದಿ, ಇದನ್ನು ಬರೆದವರು ಯಾರು ಎಂದು ಗೇಟಿನವನನ್ನು ಹಿಂದಿಯಲ್ಲಿ ಕೇಳಿದಳು. ಅವನು ನನ್ನ ಕಡೆ ಬೆರಳು ತೋರಿಸಿದ. ಆಕೆ ಹತ್ತಿರ ಬಂದು, "ನೀವು ಕನ್ನಡದವರೇನ್ರಿ?" ಎಂದಳು. ನಾನು ರಾಯಚೂರು ಎಂದೆ. ತಾನು ಲಿಂಗಸುಗೂರು ಕಡೆಯವಳು ಎಂದಳು. ಈಗ ಆಕೆ ಕನ್ನಡಕ್ಕಾಗಿ ಕೃತಜ್ಞತೆ ಹೇಳುತ್ತಾಳೆ ಎಂದು ನಾನು ಮುಖ ಸಿದ್ಧ ಮಾಡಿಕೊಂಡೆ.

"ಜ್ವರ ಬಂದಿತ್ತೇನು ಅಂತ ಕೇಳಿದ್ರ ಸಾಕಾಗಿತ್ತಲ್ರಿ. ಬಾಧಿ ಎಲ್ಲಾ ಯಾಕ ಹಾಕ್ಯೀರಿ?"

ನಾನು ಏನೋ ಗೊಣಗಿದೆ. ಆಕೆಯ ವಿಷಯ ಇಷ್ಟು: ಎರಡು ಸಲ ಬಸ್ಸಿನಲ್ಲಿ ನಮೂನೆ ಅಳಿಸಿಹೋಗಿ, ಮತ್ತೆ ತುಂಬುವಷ್ಟರಲ್ಲಿ ಗಂಟೆ ಹೊಡೆದು, ಗೇಟಿನಲ್ಲಿ ಕೆಂಪು ಬಂದು ವಾಪಸು ಹೋಗಿದ್ದಾಳೆ. ಮೂರನೇ ಸಲ ಹಾಗಾದರೆ ಹೆಸರು ಹೊಡೆದು ಬೇರೆಯವರನ್ನು ಹಾಕಿಕೊಳ್ಳುತ್ತೇನೆಂದು ಗುತ್ತಿಗೆದಾರ ಹೇಳಿದ್ದಾನೆ. ಫೋನು ತಿರುಗಿಸಬೇಡಮ್ಮ ಎಂದು ನಾನು ಸೂಚನೆಯ ಕಡೆ ಕೈ ತೋರಿಸಿದೆ. ಆಕೆ ಸೂಚನೆಯನ್ನು ನೋಡಲಿಲ್ಲ, ನನ್ನನ್ನು ನೋಡಿದಳು. "ಒಂದಿನ ನಮ್ಮ ಬಸ್ಸಿನ್ಯಾಗ ಬರ್ರಿ ಸಾಹೇಬ್ರ. ಕುಂದ್ರಾಕ ಜಾಗಾ ಸಿಗಂಗಿಲ್ಲ, ನಿಂತು ಬರ್ರಿ."

ಹೋದೆ. ಕುತೂಹಲದಿಂದಲ್ಲ, ಸಿಟ್ಟಿನಿಂದ, ಬಳಸುವವರ ತಪ್ಪನ್ನು ಕಣ್ಣಾರೆ ಕಂಡು ಬರಲು. ಬೆಳಿಗ್ಗೆ ಆರಕ್ಕೆ ಲಿಂಗಂಪಲ್ಲಿಯಲ್ಲಿ ಬಸ್ಸು ಹತ್ತಿದೆ. ಸಂಗಮ್ಮ ಒಂದು ಕೈಯಲ್ಲಿ ಮೇಲಿನ ಕಂಬಿ, ಇನ್ನೊಂದು ಕೈಯಲ್ಲಿ ಫೋನು ಹಿಡಿದು, ಹೆಬ್ಬೆರಳಿನಿಂದ ಒತ್ತುತ್ತಿದ್ದಳು. ಏಳನೆಯ ಪ್ರಶ್ನೆಗೆ ಬಂದಾಗ ಕಣ್ಣು ಕಿರಿದು ಮಾಡಿದಳು, ಫೋನನ್ನು ಮೂಗಿನ ಹತ್ತಿರ ತಂದಳು, ಆಮೇಲೆ ಅಕ್ಷರ ದೊಡ್ಡದಾಗಲೆಂದು ಅದನ್ನು ಅಡ್ಡ ತಿರುಗಿಸಿದಳು. ಎಲ್ಲ ಹೋಯಿತು. ಮತ್ತೆ ಒಂದರಿಂದ. ಹಿಂದಿನ ಸೀಟಿನ ಹೆಂಗಸರೂ ಅದೇ ಮಾಡುತ್ತಿದ್ದರು. ಸಾಸಿವೆ ಕಾಳನ್ನು ಓದಲು ಮನುಷ್ಯರು ಮತ್ತೇನು ಮಾಡಬೇಕು? ಸೂಚನೆ ನೆನಪಾಗಿ ಆಕೆ ಎರಡನೇ ಸಲ ಫೋನು ತಿರುಗಿಸಲೇ ಇಲ್ಲ. ಪಟಾನ್‌ಚೆರು ತಿರುವಿನಲ್ಲಿ ಬಸ್ಸು ವಾಲಿತು, ಕಂಬಿಗೆ ಜೋತಿದ್ದ ಆಕೆ ವಾಲಿದಳು, ಫೋನೂ ವಾಲಿತು. ಆಕೆ ಖಾಲಿ ಪರದೆಯನ್ನು ನನಗೆ ತೋರಿಸಿ, "ಈಗ ತಿರುಗಿಸಿದ್ದು ಡ್ರೈವರ್ರಿ. ಅವಂಗೂ ಒಂದು ಚೀಟಿ ಅಂಟಸ್ತೀರೇನು?" ಎಂದಳು. ಬಸ್ಸಿನ ಅರ್ಧ ಜನ ನಕ್ಕರು. ತೆಲುಗಿನವರಿಗೆ ಪಕ್ಕದವರು ವಿವರಿಸಿದ ಮೇಲೆ ಉಳಿದರ್ಧವೂ ನಕ್ಕಿತು. ಆಕೆ ನಗಲಿಲ್ಲ. ಗೇಟು ಬಂದಾಗ ಆಕೆ ಒಂಬತ್ತನೆಯ ಪ್ರಶ್ನೆಯಲ್ಲಿದ್ದಳು. ಗಂಟೆ ಹೊಡೆಯಿತು. ಕೆಂಪು. ಮೂರನೆಯದು.

ಸೂಪರ್‌ವೈಸರ್ ಯೂಸುಫ್ ಸಾಹೇಬರು ಗೇಟಿನಲ್ಲೇ ಇದ್ದರು. ಕೆಟ್ಟವರಲ್ಲ, ಆದರೆ ಅವರ ಕೈಯಲ್ಲಿ ನನ್ನದೇ ವರದಿ ಇತ್ತು: ಬಳಸುವವರ ತಪ್ಪು. ಕಾಗದ ಹೇಳಿದ ಮೇಲೆ ತಾನೇನು ಮಾಡಲಿ ಎಂದರು. ಸಂಗಮ್ಮ ನನ್ನ ಕಡೆ ನೋಡಲೂ ಇಲ್ಲ, ಬಸ್ಸಿನ ಕಡೆ ತಿರುಗಿದ್ದಳು. ಆಗ ನಾನು ಮುಂದೆ ಹೋಗಿ ಎದೆ ಸೆಟೆಸಿ, "ಗಲ್ತಿ ಮೇರಿ ಹೈ", ತಪ್ಪು ನನ್ನದು, ಎಂದೆ. ನನಗೆ ನೆನಪಿರುವುದು ಹೀಗೆ. ಈ ಮಾತನ್ನು ಆಮೇಲೆ ಸಂಗಮ್ಮನಿಗೆ ಹೇಳಿದಾಗ ಆಕೆ ತಲೆ ಅಲ್ಲಾಡಿಸಿದಳು. ಮೊದಲು ನಾನು ಫೋನ್ ಕಂಪನಿಯನ್ನು ಬೈದೆನಂತೆ, ಆಮೇಲೆ ಬಸ್ಸನ್ನು, ಆಮೇಲೆ ರಸ್ತೆಯನ್ನು; ಯೂಸುಫ್ ಸಾಹೇಬರು ಗಡಿಯಾರ ನೋಡಿ, "ಸಾಬ್, ಗಲ್ತಿ ಕಿಸ್ಕೀ ಬೋಲ್‌ಕೆ ಲಿಖೂಂ?", ತಪ್ಪು ಯಾರದೆಂದು ಬರೆಯಲಿ, ಎಂದು ಎರಡು ಸಲ ಕೇಳಿದ ಮೇಲೆ, ನೆಲ ನೋಡುತ್ತ, "ಮೇರಿಚ್ ಲಿಖೋ", ನನ್ನದೇ ಎಂದು ಬರೆಯಿರಿ, ಎಂದೆನಂತೆ. ಇಬ್ಬರಲ್ಲಿ ಯಾರು ಸರಿ ಎಂದು ನಿರ್ಧರಿಸುವುದು ಕಷ್ಟವಲ್ಲ. ಅಂತೂ ಅವರು ಆ ಹಳೆಯ ವರದಿಯ ಮೇಲೇ ನನ್ನ ಕೈಯಿಂದ ಹಾಗೆ ಬರೆಸಿ ಸಹಿ ಹಾಕಿಸಿಕೊಂಡರು. ಮೂರು ಕೆಂಪೂ ರದ್ದಾದವು. ಸಂಗಮ್ಮ ಒಳಗೆ ಹೋದಳು. ನನಗೆ ಧನ್ಯವಾದ ಹೇಳಲಿಲ್ಲ; ಹೇಳಿದ್ದರೆ ನಾನು ಎಲ್ಲಿ ಮುಖ ಇಟ್ಟುಕೊಳ್ಳುತ್ತಿದ್ದೆ?

ಆಫೀಸಿಗೆ ಬಂದು ಸ್ವಪ್ನಳ ಮುಂದೆ ಕುರ್ಚಿ ಎಳೆದುಕೊಂಡು ಕೂತೆ. ಮೊದಲ ದಿನ ಹೇಳಿದ್ದನ್ನು ಇನ್ನೊಮ್ಮೆ ಹೇಳು ಎಂದೆ. ಯಾವ ದಿನ ಸರ್ ಎಂದು ಕೇಳಲಿಲ್ಲ, ಅದು ಆಕೆಯ ದೊಡ್ಡತನ. ಪ್ರತಿ ಉತ್ತರ ಒತ್ತಿದೊಡನೆ ಎತ್ತಿಡುವುದನ್ನು ಕಲಿತೆ. ಸಾಸಿವೆಯನ್ನು ಕಡಲೆ ಮಾಡಿದೆ. ಜ್ವರಬಾಧೆಯನ್ನು ಜ್ವರ ಮಾಡಿದೆ. ಆದರೆ ನನ್ನ ಸಿಟ್ಟು ಅಷ್ಟಕ್ಕೇ ನಿಲ್ಲಲಿಲ್ಲ. ಮರೆಯುತ್ತೀಯಾ, ಮಗನೇ? ಇನ್ನು ಮುಂದೆ ನೀನು ಏನನ್ನೂ ಮರೆಯಕೂಡದು. ತಿರುಗಿಸಲಿ, ಕರೆ ಬರಲಿ, ಬೀಳಲಿ, ಆರಿಸಿ ಹಚ್ಚಲಿ, ಒತ್ತಿದ ಉತ್ತರ ಅಲ್ಲೇ ಇರಬೇಕು, ಕಲ್ಲಿನ ಮೇಲೆ ಕೆತ್ತಿದ ಹಾಗೆ. ಹಾಗೇ ಬರೆದೆ. ಮಾರನೆಯ ದಿನ ಅದೇ ಬಸ್ಸಿನಲ್ಲಿ ಹೋಗಿ, ಹೊರಗಿನಿಂದ ಬರುವವರೂ ತುಂಬಬೇಕಾದ ಅದೇ ನಮೂನೆಯನ್ನು ನಾನೂ ತುಂಬಿ, ಫೋನನ್ನು ತಲೆಕೆಳಗೆ ಹಿಡಿದು ಎಲ್ಲರಿಗೂ ತೋರಿಸಿದೆ. ಒಂದೂ ಅಳಿಸಲಿಲ್ಲ. ದೂರು ನಿಂತವು. ಕೆಂಪೇ ಬರುವುದು ನಿಂತಿತು. ಕಾರ್ಖಾನೆಯವರು ಹೊಗಳಿ ಪತ್ರ ಬರೆದರು.

ಮೂರು ವಾರದ ಮೇಲೆ, ಆ ಪತ್ರದ ಉಬ್ಬಿನಲ್ಲೇ, ಇನ್ನೊಂದು ವಿಭಾಗಕ್ಕೂ ಇದನ್ನು ಹಾಕುವ ಮಾತಿಗೆ ಕರೆದರೆಂದು ಮತ್ತೆ ಬಸ್ಸು ಹತ್ತಿದೆ. ಫೋನು ತೆಗೆದೆ. ಹನ್ನೆರಡೂ ಉತ್ತರ ಆಗಲೇ ತುಂಬಿದ್ದವು, ಕಳೆದ ಸಲ ನಾನೇ ಒತ್ತಿದ ಹನ್ನೆರಡು 'ಇಲ್ಲ'. ಎಂಥ ಸೌಕರ್ಯ ಎಂದುಕೊಂಡು, ಕರವಸ್ತ್ರದಿಂದ ಮೂಗು ಒರೆಸಿಕೊಂಡು, ಸರಿ ಎಂದು ಒತ್ತಿದೆ. ಹಸಿರು ಬಂತು. ಸಂಗಮ್ಮ ಈ ಸಲ ನನಗೆ ಕೂರಲು ಜಾಗ ಹಿಡಿದಿದ್ದಳು. ಆಕೆಯ ಬಲಗೈ ತೋರುಬೆರಳಿಗೆ ಬಟ್ಟೆ ಸುತ್ತಿತ್ತು. ಏನಾಯಿತು ಎಂದೆ. ಈಳಿಗೆ ತಗುಲಿತು ಎಂದಳು. ಗಾಯ ಇದ್ದರೆ ಮಾತ್ರೆ ವಿಭಾಗಕ್ಕೆ ಬಿಡುವುದಿಲ್ಲವಲ್ಲ, ಫೋನು ಏನು ಹೇಳಿತು ಎಂದೆ.

"ಫೋನ್ ದಿನಾ ಇಲ್ಲ ಅಂತೈತಿ. ಅದಕ್ಕೇನ್ ಗೊತ್ತು ಪಾಪ. ನಾನ ಬಾಯಿಲೆ ಹೇಳೀನಿ. ಗಾಯಾ ಮಾಯೋತನಕ ಪೆಟ್ಟಿಗಿ ಕಟ್ಟು ಅಂದಾರ." ಆಕೆ ನನ್ನ ಕರವಸ್ತ್ರದ ಕಡೆ ನೋಡಿದಳು. "ನಿಮ್ಮ ಮೂಗು ಎಂದಿನಿಂದ ಸೋರಾಕತ್ತೈತ್ರಿ?"

ಮೂರು ದಿನದಿಂದ ಎಂದೆ. ಹೇಳಿದ ಮೇಲೆ ತಿಳಿಯಿತು. ಬಸ್ಸಿನಲ್ಲಿ ಎಷ್ಟು ಜನರ ಫೋನು ಮೂರು ವಾರದಿಂದ ಒಂದೇ ಸಮನೆ 'ಇಲ್ಲ' ಎನ್ನುತ್ತಿರಬಹುದು ಎಂದು ಲೆಕ್ಕ ಹಾಕಲು ಧೈರ್ಯವಾಗಲಿಲ್ಲ. ಗೇಟು ಬಂತು. ನನ್ನ ಹಸಿರು ನೋಡಿ ಕಾವಲುಗಾರ ಸಲಾಮು ಹೊಡೆದು ದಾರಿ ಬಿಟ್ಟ. ಸಂಗಮ್ಮ ಅವನ ಹತ್ತಿರ ಹಿಂದಿಯಲ್ಲಿ ಎರಡೇ ಮಾತು ಹೇಳಿದಳು. ಅವನು ಬಹಳ ಗೌರವದಿಂದ ನನ್ನನ್ನು ಹೊರಗೆ ನಿಲ್ಲಿಸಿದ. ಆಕೆ ಪೆಟ್ಟಿಗೆ ಕಟ್ಟಲು ಒಳಗೆ ಹೋದಳು. ವಾಪಸು ಬಸ್ಸು ಪಾಳಿ ಬಿಟ್ಟ ಮೇಲೆಯೇ.

ನಿಂತಲ್ಲಿಂದ ಸ್ವಪ್ನಳಿಗೆ ಫೋನು ಮಾಡಿ, ದರಿದ್ರದ್ದು ಎಲ್ಲವನ್ನೂ ನೆನಪಿಟ್ಟುಕೊಂಡಿದೆ, ಮರೆಯುವ ಹಾಗೆ ಮಾಡು ಎಂದು ಕೂಗಾಡಿದೆ. ಆಕೆ ಅದೇ ವಿನಯದಿಂದ, ಸರ್, ಎಷ್ಟು ಹೊತ್ತಿಗೆ ಮರೆಯಬೇಕು ಸರ್ ಎಂದು ಕೇಳಿದಳು. ದಿನಾ ಬೆಳಿಗ್ಗೆ ನಾಲ್ಕು ಗಂಟೆಗೆ, ತಪ್ಪದೆ, ಎನ್ನುವಷ್ಟರಲ್ಲಿ ಸೀನು ಬಂತು. ಕಾವಲುಗಾರ ತನ್ನ ಕುರ್ಚಿಯನ್ನು ನನ್ನಿಂದ ಇನ್ನಷ್ಟು ದೂರ ಎಳೆದುಕೊಂಡು ಹಾಕಿಕೊಂಡ.