ಮಂಗಳವಾರ ಗೆಲ್ಲಬೇಕಿದ್ದ ಕಪ್ಪು ಟ್ಯಾಬ್ಲೆಟ್ಟು

ಚಿತ್ರ ಬಿಡಿಸುವ ಟ್ಯಾಬ್ಲೆಟ್ ತಯಾರಿಸುವ ಕಂಪೆನಿಯ ಗ್ರಾಹಕ ಸೇವಾ ಅಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೇ,

ವಾಮದಪದವಿನ ಧರ್ಣಪ್ಪನು ಎರಡೂ ಕೈ ಜೋಡಿಸಿ, ಒಂದು ಕಾಲು ಮುಂದಿಟ್ಟು ಮಾಡುವ ನಮಸ್ಕಾರಗಳು. ನಾನು ಏಳನೇ ಕ್ಲಾಸಿನವರೆಗೆ ಓದಿದವನು. ಎಂಟಕ್ಕೆ ಹೋಗದಿರಲು ಕಾರಣ, ನನಗೆ ಕಲಿಸಲು ಮಾಸ್ಟ್ರುಗಳ ಬಳಿ ಇನ್ನೇನೂ ಉಳಿದಿರಲಿಲ್ಲ. ನಮ್ಮಲ್ಲಿ ದನ, ಪಂಪ್‌ಸೆಟ್, ಮದುಮಗ, ಯಾವುದನ್ನು ಆರಿಸುವುದಿದ್ದರೂ ಜನ ಮೊದಲು ನನ್ನನ್ನು ಕೇಳುತ್ತಾರೆ. ಕೇಳದಿದ್ದರೆ ನಾನೇ ಹೋಗಿ ಹೇಳಿ ಬರುತ್ತೇನೆ.

ನನ್ನ ತಂಗಿ ಮೋಹಿನಿಯ ಮಗಳು ವಿಸ್ಮಿತಾಳಿಗೆ ಮೂಡುಬಿದಿರೆಯ ಪ್ರಕಾಶಕರೊಬ್ಬರು ಮಕ್ಕಳ ಪುಸ್ತಕಕ್ಕೆ ಹನ್ನೆರಡು ಚಿತ್ರ ಬರೆಯುವ ಕೆಲಸ ಕೊಟ್ಟರು. ಅವಳ ಬಾಳಿನ ಮೊದಲ ಕೆಲಸ. ಇಪ್ಪತ್ತನೇ ತಾರೀಕಿನೊಳಗೆ ಒಪ್ಪಿಸಿದರೆ ಮುಂದಿನ ಐದು ಪುಸ್ತಕವೂ ಅವಳಿಗೆ, ತಪ್ಪಿದರೆ ಬೇರೆಯವರಿಗೆ. ಹುಡುಗಿ ಎರಡು ವಾರ ಕೂತು ಓದಿ, ಹೋಲಿಸಿ, ತಮ್ಮ ಕಂಪೆನಿಯ ಸ್ಕ್ರೀನ್ ಇರುವ ಬಿಳಿ ಟ್ಯಾಬ್ಲೆಟ್ ಒಂದನ್ನು ಗುರುತು ಮಾಡಿದ್ದಳು. ಆರ್ಡರ್ ಮಾಡುವ ಗೌರವ ಮಾತ್ರ, ಸೋದರಮಾವನೆಂಬ ಕಾರಣಕ್ಕೆ, ನನ್ನ ಮೊಬೈಲಿನ ಪಾಲಿಗೆ ಬಂತು.

ಅಂಕದಲ್ಲಿ, ಎಂದರೆ ಕೋಳಿ ಕಾಳಗದಲ್ಲಿ, ಯಾವ ವಾರ ಯಾವ ಬಣ್ಣದ ಹುಂಜ ಗೆಲ್ಲುತ್ತದೆಂದು ಹೇಳುವ ಕೋಳಿ ಪಂಚಾಂಗವೊಂದು ನಮ್ಮ ಕಡೆ ಉಂಟೆಂಬುದು ತಮಗೆ ತಿಳಿಯದಿರಲಾರದು. ಪೊಲೀಸರ ಕೃಪೆಯಿಂದ ಈಗ ಹುಂಜಗಳಿಗೆ ವಿಶ್ರಾಂತಿಯಾದರೂ ಪಂಚಾಂಗ ನನ್ನ ತಲೆಯಲ್ಲಿ ಭದ್ರವಾಗಿದೆ. ಅಂದು ಮಂಗಳವಾರ, ಬಿಳಿಯನ್ನು ಕಪ್ಪು ಹೊಡೆದು ಮಲಗಿಸುವ ದಿನ. ಬಿಳಿಯದನ್ನು ತರಿಸಿ ಮಗುವಿಗೆ ಅನ್ಯಾಯ ಮಾಡಲು ಮನಸ್ಸು ಬಾರದೆ, ಪಕ್ಕದಲ್ಲೇ ಮೈ ಮಿಂಚಿಸುತ್ತ ನಿಂತಿದ್ದ ಕಪ್ಪನ್ನು ಒತ್ತಿದೆ.

ಬಂತು. ಆಹಾ, ಏನು ಸೌಂದರ್ಯ! ನಯವಾದ ಮೈ, ಎಲ್ಲಿಯೂ ಗೀರಿಲ್ಲ. ಸ್ಕ್ರೀನೂ ಇಲ್ಲ. ಬರೆಯುವುದು ಇಲ್ಲಿ, ಕಾಣುವುದು ಬೇರೆಲ್ಲೋ ಇರುವ ಕಂಪ್ಯೂಟರಿನಲ್ಲಂತೆ. ಆ ಕಂಪ್ಯೂಟರು ನಮ್ಮ ಮನೆಯಲ್ಲಿ ಇಲ್ಲ. ವಿಸ್ಮಿತಾ ಅಳಲಿಲ್ಲ. "ಮಾವ, ನೀವು ಇದನ್ನು ನೋಡಿ ತಗೊಂಡದ್ದಾ, ಅಂಕಕ್ಕೆ ಬಿಡ್ಲಿಕ್ಕೆ ತಗೊಂಡದ್ದಾ?" ಎಂದು ಮಾತ್ರ ಕೇಳಿದಳು. ಅತ್ತಿದ್ದರೆ ಒಳ್ಳೆಯದಿತ್ತು.

ಕೊನೆಗೆ ಉನೈಸನ ಜೆರಾಕ್ಸ್ ಅಂಗಡಿಯ ಕಂಪ್ಯೂಟರಿಗೆ ಇದನ್ನು ಸಿಕ್ಕಿಸಿದೆವು. ಹೇಗೆ ಬರೆಯಬೇಕೆಂದು ತೋರಿಸುವ ಜವಾಬ್ದಾರಿ ನನ್ನದಾದ್ದರಿಂದ ಮೊದಲು ನಾನೇ ಕೂತು ಒಂದು ದನ ಬರೆದೆ. ಕೈ ನೋಡಿದರೆ ದನ ಕಾಣುವುದಿಲ್ಲ, ದನ ನೋಡಿದರೆ ಕೈ ಎಲ್ಲಿ ಹೋಯಿತೆಂದು ತಿಳಿಯುವುದಿಲ್ಲ. "ಧರ್ಣಪ್ಪಣ್ಣ, ಕೈ ನೋಡ್ಬೇಡಿ ಮಾರಾಯ್ರೆ, ಸ್ಕೂಟರ್ ಬಿಡುವಾಗ ಹ್ಯಾಂಡಲ್ ನೋಡ್ತೀರಾ?" ಎಂದ ಉನೈಸ್. ನಾನು ಹ್ಯಾಂಡಲನ್ನೇ ನೋಡುವವನು ಎಂಬುದನ್ನು ಅವನಿಗೆ ಹೇಳಲಿಲ್ಲ. ದನ ಹಲಸಿನಹಣ್ಣಾಗಿ ಮುಗಿಯಿತು.

ತಮ್ಮ ಪೆನ್ನು ಕೈಯ ಒತ್ತಡವನ್ನು ಎಂಟು ಸಾವಿರದ ನೂರ ತೊಂಬತ್ತೆರಡು ಹಂತಗಳಲ್ಲಿ ಗುರುತಿಸುತ್ತದೆಂದು ಪೆಟ್ಟಿಗೆಯ ಮೇಲಿದೆ. ಧನ್ಯರು ತಾವು. ನನ್ನ ಹೆಂಡತಿ ಸೇಸಮ್ಮ ಮೂವತ್ತು ವರ್ಷಗಳಲ್ಲಿ ನನ್ನ ಎರಡೇ ಹಂತ ಗುರುತಿಸಿದ್ದಾಳೆ: ಹಸಿವು ಮತ್ತು ಸುಳ್ಳು. ಇಷ್ಟು ಸೂಕ್ಷ್ಮ ಯಂತ್ರ ಮಾಡಿದ ತಾವು ಅದರ ಬಣ್ಣಕ್ಕೆ ಯಾವ ವಾರ ಬಲ, ಯಾವ ವಾರ ಸೋಲು ಎಂದು ಒಂದು ಸಾಲು ಅಚ್ಚು ಹಾಕಿಸಬಾರದಿತ್ತೇ?

ಬದಲಾಯಿಸಿಕೊಳ್ಳೋಣವೆಂದರೆ ತಮ್ಮ ಫಾರ್ಮು ಕಾರಣ ಕೇಳುತ್ತದೆ. ಒಡೆದಿದೆ, ತಡವಾಯಿತು, ಬೇರೆ ವಸ್ತು ಬಂತು, ಮನಸ್ಸು ಬದಲಾಯಿತು. ನಾಲ್ಕೂ ನಮ್ಮದಲ್ಲ. ಇಪ್ಪತ್ತಕ್ಕೆ ನಾಲ್ಕೇ ದಿನ, ಇನ್ನೂ ಏಳು ಚಿತ್ರ ಬಾಕಿ; ಉನೈಸನ ಅಂಗಡಿಯಲ್ಲಿ ಆಧಾರ್ ಕಾರ್ಡಿನವರ ಸಾಲು ಕರಗಿದ ಮೇಲಷ್ಟೇ ಹುಡುಗಿಗೆ ಕಂಪ್ಯೂಟರು. ಆದ್ದರಿಂದ ಐದನೆಯ ಕಾರಣವೊಂದನ್ನು ಸೇರಿಸಬೇಕಾಗಿ ವಿನಂತಿ: "ಹುಡುಗಿ ಸರಿಯಾಗಿ ಆರಿಸಿದ್ದಳು, ತಪ್ಪು ಮಾವನದ್ದು." ಅದರೆದುರು ನಾನೇ ಗುರುತು ಹಾಕುತ್ತೇನೆ. ಹೀಗೆ ನಾನು ಬರೆದುಕೊಡುತ್ತಿರುವುದು ಜೀವಮಾನದಲ್ಲಿ ಇದೇ ಮೊದಲು. ಈ ಮಾತಿನ ಬೆಲೆ ಅರಿತು, ನಾಳೆಯೊಳಗೆ ಬಿಳಿಯದನ್ನು ಕಳಿಸಿಕೊಡುವುದು.

ಉಳಿದಿರುವಷ್ಟರ ಮಟ್ಟಿಗೆ ತಮ್ಮ ವಿಶ್ವಾಸಿ,
ಧರ್ಣಪ್ಪ

ತಾ.ಕ.: ಈ ಪತ್ರವನ್ನು ಮೊದಲ ಸಲ ಕಳಿಸಿದಾಗ ತಾವು ಉತ್ತರಿಸದೆ ಕಾಪಾಡಿದ ಮೌನಕ್ಕೆ ಕೃತಜ್ಞತೆಗಳು; ಇಷ್ಟನ್ನು ಸೇರಿಸಿ ಅದನ್ನೇ ಮತ್ತೆ ಕಳಿಸುತ್ತಿದ್ದೇನೆ. ಹನ್ನೆರಡು ಚಿತ್ರಗಳೂ ಈ ಕಪ್ಪಿನಲ್ಲೇ ಮುಗಿದು, ನಿನ್ನೆ ಒಪ್ಪಿಗೆಯಾಗಿ, ಐದು ಪುಸ್ತಕವೂ ವಿಸ್ಮಿತಾಳಿಗೇ ಸಿಕ್ಕಿದೆ. ಟ್ಯಾಬ್ಲೆಟನ್ನು ಆರಿಸಿದವನು ನಾನೆಂಬುದನ್ನು ತಮ್ಮ ದಾಖಲೆಯಲ್ಲಿ ದಪ್ಪಕ್ಷರದಲ್ಲಿ ನಮೂದಿಸಬೇಕು. ತಪ್ಪು ಮಾವನದ್ದೆಂಬ ಸಾಲನ್ನು ತೆಗೆದುಹಾಕೆಂದು, ನಾನು ಹೇಳಿದ್ದನ್ನು ಉನೈಸನ ಅಂಗಡಿಯಲ್ಲಿ ಟೈಪ್ ಮಾಡುತ್ತಿರುವ ವಿಸ್ಮಿತಾಳಿಗೆ ಮೂರು ಸಲ ಹೇಳಿದೆ. "ಡಿಲೀಟ್ ಬಟನ್ ಹಾಳಾಗಿದೆ ಮಾವ" ಎನ್ನುತ್ತಾಳೆ. ಉನೈಸನೂ ಹೌದೆನ್ನುತ್ತಾನೆ. ಅದರ ರಿಪೇರಿಗೆ ತಮ್ಮಲ್ಲಿ ಜನ ಇದ್ದರೆ ಇವತ್ತೇ ಕಳಿಸಿ.